ಗುಂಡಿ ಸರಕಾರದ ಕೈಯಲ್ಲಿ, ನಷ್ಟ ಬಡವನ ಹೆಗಲಲ್ಲಿ

2019ರ ಡಿಸೆಂಬರ್ 19, ಗುರುವಾರ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಮಂಗಳೂರಿನಲ್ಲಿ ನಡೆದ ಪ್ರತಿಭಟನೆ ಪೊಲೀಸರ ಗೋಲಿಬಾರಿನಲ್ಲಿ ಮುಗಿಯಿತು. ಇಬ್ಬರು ಪ್ರಾಣ ಕಳೆದುಕೊಂಡರು. ಆ ರಾತ್ರಿ ಹತ್ತು ಗಂಟೆಯಿಂದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನಲ್ವತ್ತೆಂಟು ಗಂಟೆಗಳ ಕಾಲ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಂಡಿತು. ಆ ಗೋಲಿಬಾರಿನ ಬಗ್ಗೆ ಬರೆಯುವವರು ಬರೆದಿದ್ದಾರೆ, ಇನ್ನೂ ಬರೆಯಬೇಕಾದದ್ದು ಬಹಳಷ್ಟಿದೆ. ಆದರೆ ಯಾರೂ ಹೆಚ್ಚಾಗಿ ಬರೆಯದ ಇನ್ನೊಂದು ವಿಷಯದ ಕುರಿತು ಇಲ್ಲಿ ಹೇಳಬೇಕಿದೆ.

ಗೋಲಿಬಾರ್ ನಡೆದ ಸ್ಥಳದಿಂದ ಐವತ್ತು ಕಿಲೋಮೀಟರ್ ದೂರದ, ಕರ್ಫ್ಯೂ ಇಲ್ಲದ, ಕಲ್ಲೊಂದು ಬೀಳದ ಒಂದು ಹಳ್ಳಿಯಲ್ಲಿ ಕೇಕ್ ಮಾಡಿ ಮಾರುವ ಒಬ್ಬ ಗೃಹಿಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಕೆಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ಒಂದು ಓವನ್, ಒಂದು ಮೊಬೈಲ್. ಗಿರಾಕಿಗಳು ವಾಟ್ಸಾಪಿನಲ್ಲಿ ಕೇಕಿನ ಚಿತ್ರ ನೋಡಿ ಆರ್ಡರ್ ಕೊಡುತ್ತಾರೆ, ಮೊಬೈಲಿನಲ್ಲೇ ಹಣ ಹಾಕುತ್ತಾರೆ. ಕ್ರಿಸ್ಮಸ್ಸಿಗೆ ಐದಾರು ದಿನಗಳಿರುವಾಗ ಆಕೆಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸ. ಒಣದ್ರಾಕ್ಷಿ, ಗೋಡಂಬಿ, ಬೆಣ್ಣೆ, ಮೊಟ್ಟೆ ಎಲ್ಲವನ್ನೂ ಸಾಲ ಮಾಡಿ ತಂದಿಟ್ಟಾಗಿದೆ. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಮೊಬೈಲ್ ಸತ್ತು ಬಿದ್ದಿದೆ. ಯಾರು ಏನು ಕೇಳಿದ್ದಾರೆ, ಯಾವ ವಿಳಾಸಕ್ಕೆ ಕಳುಹಿಸಬೇಕು, ಯಾರು ಹಣ ಹಾಕಿದ್ದಾರೆ ಎಂಬುದೆಲ್ಲ ಆ ಪರದೆಯ ಹಿಂದೆ ಉಳಿದುಹೋಯಿತು. ಆರ್ಡರ್ ಕೊಡಬೇಕೆಂದಿದ್ದವರು ಪೇಟೆಯ ದೊಡ್ಡ ಬೇಕರಿಗೆ ಹೋದರು. ಮುಂಗಡ ಕೊಟ್ಟವರು, “ಹಣ ತಗೊಂಡು ಸುಮ್ಮನಾದಳು” ಎಂದು ಗೊಣಗಿದರು.

ಈಗ ಹೇಳಿ, ಆಕೆ ಮಾಡಿದ ಅಪರಾಧ ಯಾವುದು? ಆಕೆಯ ನಷ್ಟವನ್ನು ತುಂಬಿಕೊಡಬೇಕಾದವರು ಯಾರು? ಆಕೆಯ ಗಿರಾಕಿ ಯಾರ ಮೇಲೆ ದೂರು ಕೊಡಬೇಕು? ನಮ್ಮ ದೇಶದಲ್ಲಿ ಅಂತರ್ಜಾಲಕ್ಕೆಂದೇ ಕಾನೂನುಗಳು ಬಂದು ಕಾಲು ಶತಮಾನ ಕಳೆದಿದೆ. ಆದರೆ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಕಾನೂನುಗಳಲ್ಲಿ ಉತ್ತರವಿಲ್ಲ.

ವ್ಯಾಪಾರದ ಹೆಸರಿನಲ್ಲಿ ಬಂದ ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಅದರ ಹುಟ್ಟಿನ ಉದ್ದೇಶವೇ ವ್ಯಾಪಾರವಾಗಿತ್ತು. ಎಲೆಕ್ಟ್ರಾನಿಕ್ ವ್ಯಾಪಾರದ ಕುರಿತು ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ 1996ರಲ್ಲಿ ಒಂದು ಮಾದರಿ ಕಾನೂನನ್ನು ರೂಪಿಸಿತ್ತು. ಅದರ ಜಾಡಿನಲ್ಲೇ ನಮ್ಮ ಕಾಯ್ದೆಯೂ ಬಂತು. ಕಾಗದದ ಕರಾರಿಗೆ ಇರುವ ಮಾನ್ಯತೆ ಕಂಪ್ಯೂಟರಿನ ಕರಾರಿಗೂ ಸಿಗಬೇಕು, ಶಾಯಿಯ ಸಹಿಯಂತೆ ಡಿಜಿಟಲ್ ಸಹಿಯೂ ನಡೆಯಬೇಕು ಎಂಬುದು ಅದರ ತಿರುಳು. ಅಂದರೆ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಂಬಿಕೆ ಹುಟ್ಟಿಸುವುದಕ್ಕಾಗಿ ಬಂದ ಕಾನೂನು ಅದು.

ಅದು ಮುಂದೆ ಹಿಡಿದ ದಾರಿಯನ್ನು ಗಮನಿಸಬೇಕು. 2004ರಲ್ಲಿ ಬಾಝೀ ಡಾಟ್ ಕಾಮ್ ಎಂಬ ಮಾರಾಟ ತಾಣದಲ್ಲಿ ಯಾರೋ ಒಬ್ಬ ಅಶ್ಲೀಲ ದೃಶ್ಯವೊಂದನ್ನು ಮಾರಾಟಕ್ಕಿಟ್ಟ. ಪೊಲೀಸರು ಆ ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನೇ ಬಂಧಿಸಿದರು. ಉದ್ಯಮ ವಲಯದಲ್ಲಿ ದೊಡ್ಡ ಕೋಲಾಹಲವೆದ್ದಿತು. ಸಂತೆಯಲ್ಲಿ ಯಾರೋ ಕದ್ದ ಮಾಲು ಮಾರಿದರೆ ಸಂತೆಯ ಗುತ್ತಿಗೆದಾರನನ್ನು ಜೈಲಿಗೆ ಹಾಕುವುದೇ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಸಿಕ್ಕಿತು. 2008ರ ತಿದ್ದುಪಡಿಯಲ್ಲಿ 79ನೆಯ ಕಲಮನ್ನು ಬದಲಿಸಿ, ಮಧ್ಯವರ್ತಿ ಕಂಪೆನಿಗಳು ಕೆಲವು ಷರತ್ತುಗಳನ್ನು ಪಾಲಿಸಿದರೆ ಇತರರು ಹಾಕಿದ ವಿಷಯಗಳಿಗೆ ಅವು ಹೊಣೆಯಲ್ಲ ಎಂಬ ರಕ್ಷಣೆ ಕೊಡಲಾಯಿತು.

ವಿಪರ್ಯಾಸ ಇರುವುದು ಇಲ್ಲಿಯೇ. ಕಂಪೆನಿಗಳಿಗೆ ಗುರಾಣಿ ಕೊಟ್ಟ ಅದೇ ತಿದ್ದುಪಡಿ ಜನಸಾಮಾನ್ಯನ ಬೆನ್ನಿಗೆ 66-ಎ ಎಂಬ ಬಾರುಕೋಲನ್ನೂ ತಂದಿತು. ಯಾರಿಗಾದರೂ ಕಿರಿಕಿರಿಯಾಗುವಂಥ ಸಂದೇಶ ಕಳುಹಿಸಿದರೆ ಮೂರು ವರ್ಷಗಳವರೆಗೆ ಜೈಲು! ಆ ಕಲಮು ಸಂವಿಧಾನ ವಿರೋಧಿಯೆಂದು ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾದರೆ 2015ರ ಮಾರ್ಚ್ 24 ಬರಬೇಕಾಯಿತು. ಒಂದೇ ಕಾಗದದಲ್ಲಿ ಉಳ್ಳವನಿಗೆ ಆಸರೆ, ಇಲ್ಲದವನಿಗೆ ಬೆದರಿಕೆ. ಮುಂದಿನ ಎಲ್ಲ ಅಂತರ್ಜಾಲ ಕಾನೂನುಗಳ ಜಾತಕ ಇಲ್ಲೇ ಬರೆಯಲ್ಪಟ್ಟಿತು ಎಂದರೆ ತಪ್ಪಾಗಲಾರದು.

ತಂತಿಯ ಕಾಲದ ಕತ್ತರಿ

ಇಂಟರ್ನೆಟ್ ಕತ್ತರಿಸುವ ಅಧಿಕಾರ ಬಂದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದಲ್ಲ. ಅದರ ಬೇರು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಸಾರ್ವಜನಿಕ ತುರ್ತು ಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷೆಯ ಕಾರಣದಿಂದ ತಂತಿ ಸಂದೇಶ ತಡೆಯಲು ಪರಕೀಯ ಸರಕಾರ ಇಟ್ಟುಕೊಂಡಿದ್ದ ಅಧಿಕಾರವದು. ಮೊದಮೊದಲು ನಮ್ಮ ಅಧಿಕಾರಿಗಳು ಗುಂಪು ಸೇರುವುದನ್ನು ತಡೆಯುವ 144ನೆಯ ಕಲಮನ್ನೇ ಹಿಡಿದು ಇಂಟರ್ನೆಟ್ ನಿಲ್ಲಿಸುತ್ತಿದ್ದರು. 2017ರ ಆಗಸ್ಟಿನಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದವು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆಯಾಯಿತು, 2024ರ ನವೆಂಬರಿನಲ್ಲಿ ಅದರಡಿ ಹೊಸ ನಿಯಮಗಳಾದವು. ಹೆಸರು ಬದಲಾಯಿತು, ಕತ್ತರಿ ಮಾತ್ರ ಅದೇ ಉಳಿಯಿತು.

ಈ ಹೊಸ ನಿಯಮಗಳಲ್ಲಿ ಕೆಲವು ಒಳ್ಳೆಯ ಮಾತುಗಳಿವೆ. ಆದೇಶಕ್ಕೆ ಕಾರಣ ಕೊಡಬೇಕು, ಅದನ್ನು ಪ್ರಕಟಿಸಬೇಕು, ಹದಿನೈದು ದಿನ ಮೀರಬಾರದು, ಐದು ದಿನಗಳೊಳಗೆ ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆದರೆ ಪರಿಶೀಲಿಸುವವರು ಯಾರು? ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇತರ ಕಾರ್ಯದರ್ಶಿಗಳು. ಆದೇಶ ಕೊಡುವವರೂ ಅಧಿಕಾರಿಗಳೇ, ಅದು ಸರಿಯೇ ಎಂದು ನೋಡುವವರೂ ಅಧಿಕಾರಿಗಳೇ. ಬೇಲಿಯ ಮೇಲಿನ ದೂರನ್ನು ಬೇಲಿಯೇ ವಿಚಾರಿಸುವ ವ್ಯವಸ್ಥೆಯಿದು. ಸಮಿತಿಯಲ್ಲಿ ನ್ಯಾಯಾಧೀಶರಿಲ್ಲ, ವ್ಯಾಪಾರಿಗಳ ಪ್ರತಿನಿಧಿಯಿಲ್ಲ, ಗ್ರಾಹಕರ ಪ್ರತಿನಿಧಿಯಂತೂ ಇಲ್ಲವೇ ಇಲ್ಲ. ಐದನೆಯ ದಿನ ಸಮಿತಿ ಕೂಡುವಷ್ಟರಲ್ಲಿ ಎರಡು ದಿನಗಳ ಸ್ಥಗಿತ ಮುಗಿದು, ನಷ್ಟವಾಗಬೇಕಾದವರಿಗೆ ನಷ್ಟ ಆಗಿ ಹೋಗಿರುತ್ತದೆ.

ಈ ಕತ್ತರಿ ಎಷ್ಟು ಸಲೀಸಾಗಿ ಓಡುತ್ತಿದೆ ನೋಡಿ. ಜಗತ್ತಿನಾದ್ಯಂತ ಇಂಟರ್ನೆಟ್ ಸ್ಥಗಿತಗಳ ಲೆಕ್ಕವಿಡುವ ಆಕ್ಸೆಸ್ ನೌ ಎಂಬ ಸಂಸ್ಥೆಯ ಎಣಿಕೆಯಂತೆ 2023ರಲ್ಲಿ ಭಾರತದಲ್ಲಿ 116 ಬಾರಿ ಇಂಟರ್ನೆಟ್ ನಿಂತಿತ್ತು. ಸತತ ಆರನೆಯ ವರ್ಷ ನಾವೇ ಜಗತ್ತಿಗೆ ಮೊದಲಿಗರು! 2024ರಲ್ಲಿ 84 ಬಾರಿ. ಆ ವರ್ಷ ನಮ್ಮನ್ನು ಹಿಂದೆ ಹಾಕಿದ್ದು 85 ಬಾರಿ ನಿಲ್ಲಿಸಿದ ಮ್ಯಾನ್ಮಾರ್, ಅಂದರೆ ಸೈನ್ಯ ಆಳುತ್ತಿದ್ದ ದೇಶ. ಕಾರಣಗಳಾದರೂ ಎಂಥವು? ರಾಜಸ್ಥಾನದಲ್ಲಿ 2021ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆಂದು ಇಂಟರ್ನೆಟ್ ನಿಲ್ಲಿಸಲಾಯಿತು. ಅಸ್ಸಾಮಿನಲ್ಲಿ 2022ರಲ್ಲೂ 2024ರಲ್ಲೂ ಸರಕಾರಿ ನೇಮಕಾತಿ ಪರೀಕ್ಷೆಗಳಿಗೆ ಅದೇ ಮದ್ದು. ಯಾರೋ ನಾಲ್ವರು ನಕಲು ಹೊಡೆದಾರು ಎಂದು ಜಿಲ್ಲೆ ಜಿಲ್ಲೆಗಳ ವ್ಯವಹಾರವನ್ನೇ ನಿಲ್ಲಿಸುವುದಕ್ಕೆ ನಮ್ಮ ಹಿರಿಯರು ಚೆನ್ನಾಗಿ ಹೇಳಿದ್ದಾರೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕಾಶ್ಮೀರ ಕಲಿಸಿದ ಪಾಠ

ನಲ್ವತ್ತೆಂಟು ಗಂಟೆಯ ಕಷ್ಟವೇ ಇಷ್ಟಾದರೆ, ತಿಂಗಳುಗಟ್ಟಲೆ ನಿಂತರೆ ಏನಾದೀತು ಎಂಬುದಕ್ಕೆ ಕಾಶ್ಮೀರವೇ ಸಾಕ್ಷಿ. 2019ರ ಆಗಸ್ಟ್ 5ರಂದು ಅಲ್ಲಿ ಫೋನು, ಇಂಟರ್ನೆಟ್ ಎಲ್ಲ ಸ್ತಬ್ಧವಾದವು. 2020ರ ಜನವರಿಯಲ್ಲಿ ನಿಧಾನಗತಿಯ 2ಜಿ ಬಂತು. ಅದೂ ಸರಕಾರ ಒಪ್ಪಿಗೆ ಕೊಟ್ಟ ಕೆಲವೇ ತಾಣಗಳಿಗೆ ಮಾತ್ರ. ಕೋಟ್ಯಂತರ ತಾಣಗಳಿರುವ ಅಂತರ್ಜಾಲದಲ್ಲಿ ಅಲ್ಲಿನ ಜನರಿಗೆ ಮೊದಲು 153, ಆಮೇಲೆ 301 ತಾಣಗಳ ಪಟ್ಟಿ ಸಿಕ್ಕಿತು. 4ಜಿ ಮರಳಿ ಬಂದದ್ದು 2021ರ ಫೆಬ್ರವರಿ 5ರಂದು, ಹದಿನೆಂಟು ತಿಂಗಳ ನಂತರ.

ಶಾಲು, ಕೇಸರಿ, ಆಕ್ರೋಟು, ಸೇಬುಗಳ ನಾಡು ಅದು. ಹೊರಗಿನ ಗಿರಾಕಿಯನ್ನೇ ನಂಬಿದ ವ್ಯಾಪಾರ. ಗಿರಾಕಿಗೆ ಒಂದು ಮಿಂಚಂಚೆ ಕಳುಹಿಸಲು, ಒಂದು ಅರ್ಜಿ ತುಂಬಲು ಅಲ್ಲಿನ ಯುವಕರು ರೈಲು ಹತ್ತಿ ಬನಿಹಾಲಿಗೆ ಹೋಗುತ್ತಿದ್ದರು. ಆ ರೈಲಿಗೆ ಜನ ‘ಇಂಟರ್ನೆಟ್ ಎಕ್ಸ್‌ಪ್ರೆಸ್’ ಎಂದೇ ಹೆಸರಿಟ್ಟರು. 120 ದಿನ ಬಳಸದ ಖಾತೆಗಳನ್ನು ಅಳಿಸುವುದು ವಾಟ್ಸಾಪಿನ ನಿಯಮ. ಆ ಪ್ರಕಾರ 2019ರ ಡಿಸೆಂಬರಿನಲ್ಲಿ ಕಾಶ್ಮೀರಿಗಳ ಖಾತೆಗಳು ತಾವಾಗಿಯೇ ಅಳಿಸಿ ಹೋದವು. ಅದರಲ್ಲೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ವ್ಯಾಪಾರಿಯ ಪಾಲಿಗೆ ಅಂಗಡಿಯ ವಹಿ ಪುಸ್ತಕವೇ ಸುಟ್ಟುಹೋದಂತೆ. ಮೊದಲ ನಾಲ್ಕು ತಿಂಗಳಲ್ಲಿ ಕಣಿವೆಗೆ 17,878 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಕಾಶ್ಮೀರದ ವಾಣಿಜ್ಯ ಮಂಡಳಿ ಅಂದಾಜಿಸಿತು. ಇದು ನಿರ್ಬಂಧಗಳೆಲ್ಲ ಸೇರಿ ಆದ ನಷ್ಟ, ಇಂಟರ್ನೆಟ್ ಒಂದರಿಂದಲೇ ಆದದ್ದಲ್ಲ ಎಂಬುದು ನಿಜ. ಆದರೆ ಮಾರುಕಟ್ಟೆಯ ಬಾಗಿಲು ತೆರೆದ ಮೇಲೂ ಗಿರಾಕಿಯ ದಾರಿ ಮುಚ್ಚಿದ್ದಕ್ಕೆ ಬೇರೆ ಕಾರಣವಿರಲಿಲ್ಲ.

ಮಣಿಪುರದ ಕತೆಯೂ ಬೇರೆಯಲ್ಲ. 2023ರ ಮೇ 3ರಂದು ನಿಂತ ಮೊಬೈಲ್ ಇಂಟರ್ನೆಟ್, ನಡುವೆ ಸಿಕ್ಕ ಕೆಲವೇ ದಿನಗಳನ್ನು ಬಿಟ್ಟರೆ, ಮರಳಿ ಬಂದದ್ದು ಡಿಸೆಂಬರಿನಲ್ಲಿ. ಅಷ್ಟು ಕಾಲ ನಿಲ್ಲಿಸಿದ್ದರಿಂದ ಅಲ್ಲಿನ ಹಿಂಸೆ ನಿಂತಿತೇ? ಉತ್ತರ ಎಲ್ಲರಿಗೂ ಗೊತ್ತಿದೆ.

ಕೋರ್ಟು ಹೇಳಿತು, ಕೇಳಿದವರು ಯಾರು?

2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಹತ್ವದ ಮಾತು ಹೇಳಿತು. ಅಂತರ್ಜಾಲದ ಮೂಲಕ ಅಭಿಪ್ರಾಯ ವ್ಯಕ್ತಪಡಿಸುವುದಕ್ಕೆ ಮಾತ್ರವಲ್ಲ, ಅಂತರ್ಜಾಲದ ಮೂಲಕ ವ್ಯಾಪಾರ-ವೃತ್ತಿ ನಡೆಸುವುದಕ್ಕೂ ಸಂವಿಧಾನದ 19ನೆಯ ವಿಧಿಯ ರಕ್ಷಣೆಯಿದೆ ಎಂದಿತು. ಅನಿರ್ದಿಷ್ಟ ಕಾಲ ಇಂಟರ್ನೆಟ್ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂದಿತು. ಕೇಕ್ ಮಾರುವ ಗೃಹಿಣಿಯ ಹಕ್ಕೂ ಮೂಲಭೂತ ಹಕ್ಕೇ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡಂತಾಯಿತು.

ಆದರೆ ಅದೇ ತೀರ್ಪು ಕಾಶ್ಮೀರಕ್ಕೆ ಇಂಟರ್ನೆಟ್ ಮರಳಿಸಲಿಲ್ಲ. ಮೇ ತಿಂಗಳಲ್ಲಿ ಇನ್ನೊಂದು ಪ್ರಕರಣ ಬಂದಾಗ ಅದನ್ನು ಪರಿಶೀಲಿಸಲು ಅಧಿಕಾರಿಗಳ ಒಂದು ವಿಶೇಷ ಸಮಿತಿಗೆ ಒಪ್ಪಿಸಲಾಯಿತು. ಹಕ್ಕಿದೆಯೆಂದು ಬರೆದ ಕಾಗದ ಕೈಗೆ ಸಿಕ್ಕಿತು, ಹಕ್ಕು ಮಾತ್ರ ಸಿಗಲಿಲ್ಲ. ಮೂಲಭೂತ ಹಕ್ಕನ್ನು ಉಲ್ಲಂಘಿಸಿದರೆ ಪರಿಹಾರ ಕೊಡಬೇಕಲ್ಲವೇ? ರಸ್ತೆ ಅಗಲಗೊಳಿಸಲು ನಮ್ಮ ಜಾಗ ಹೋದರೆ ಸರಕಾರ ಪರಿಹಾರ ಕೊಡುತ್ತದೆ. ಆದರೆ ಎರಡು ದಿನದ, ಎರಡು ತಿಂಗಳ ದುಡಿಮೆಯನ್ನು ಕಸಿದುಕೊಂಡಾಗ ಒಂದು ರೂಪಾಯಿಯನ್ನೂ ಕೊಡುವ ನಿಯಮವಿಲ್ಲ.

ಪರಿಹಾರದ ಮಾತು ಹಾಗಿರಲಿ, ಲೆಕ್ಕವಾದರೂ ಇದೆಯೇ? 2021ರ ಡಿಸೆಂಬರಿನಲ್ಲಿ ಶಶಿ ತರೂರ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ಈ ಕುರಿತು ವರದಿ ಕೊಟ್ಟಿತು. ದೇಶದಲ್ಲಿ ಎಷ್ಟು ಬಾರಿ ಇಂಟರ್ನೆಟ್ ನಿಲ್ಲಿಸಲಾಗಿದೆ ಎಂಬ ದಾಖಲೆಯನ್ನು ದೂರಸಂಪರ್ಕ ಇಲಾಖೆಯೂ ಇಟ್ಟಿಲ್ಲ, ಗೃಹ ಸಚಿವಾಲಯವೂ ಇಟ್ಟಿಲ್ಲ ಎಂಬುದನ್ನು ಅದು ಎತ್ತಿ ತೋರಿಸಿತು. ಎಷ್ಟು ಬಾರಿ ಎಂಬುದೇ ಗೊತ್ತಿಲ್ಲದವರಿಗೆ ಎಷ್ಟು ನಷ್ಟ ಎಂಬುದು ಗೊತ್ತಿರುವುದೆಲ್ಲಿಂದ? ಮೊಬೈಲ್ ಕಂಪೆನಿಗಳ ಸಂಘ ಮಾತ್ರ 2019ರ ಡಿಸೆಂಬರಿನಲ್ಲಿ ತನ್ನ ಲೆಕ್ಕ ಹೇಳಿತು, ಸ್ಥಗಿತದ ಒಂದೊಂದು ಗಂಟೆಗೂ ಸುಮಾರು 2.45 ಕೋಟಿ ರೂಪಾಯಿ ನಷ್ಟವೆಂದು. ದೊಡ್ಡವರಿಗೆ ಲೆಕ್ಕ ಬರೆಯಲು ಗುಮಾಸ್ತರಿದ್ದಾರೆ. ಮನೆಯಲ್ಲೇ ಹೊಲಿಗೆ, ಅಡುಗೆ, ಕಸೂತಿ ಮಾಡಿ ಮಾರುವ ಹೆಂಗಸರ ಲೆಕ್ಕ ಬರೆಯುವವರು ಯಾರು?

ಸರಕಾರಕ್ಕೆ ಲೆಕ್ಕ ಬರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ವಿವರ ಹಿಡಿದು ಬೇಕರಿ, ತರಕಾರಿ, ಕಾಂಡಿಮೆಂಟ್ಸ್ ಅಂಗಡಿಗಳ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹೆದರಿದ ಅಂಗಡಿಯವರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ತೆರಿಗೆ ಕೊಡಬೇಕಾದವರು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಚಾ ಅಂಗಡಿಯ ಹತ್ತು ರೂಪಾಯಿಯ ಜಮೆಯನ್ನೂ ಎಣಿಸಬಲ್ಲ ಕಣ್ಣಿಗೆ, ಇಂಟರ್ನೆಟ್ ನಿಲ್ಲಿಸಿದ ದಿನ ಅದೇ ಅಂಗಡಿಗೆ ಬಾರದೇ ಹೋದ ಹಣ ಕಾಣುವುದಿಲ್ಲವೇಕೆ?

ವದಂತಿಯ ವಾದ

“ಹಾಗಾದರೆ ವದಂತಿ ಹಬ್ಬಲು ಬಿಡಬೇಕೇ? ಜೀವಕ್ಕಿಂತ ವ್ಯಾಪಾರ ದೊಡ್ಡದೇ?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವದಂತಿಯ ಏಟು ಎಂಥದ್ದೆಂದು ಮುಸ್ಲಿಮರಿಗಿಂತ ಚೆನ್ನಾಗಿ ಬಲ್ಲವರು ಯಾರು? 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಹೊಡೆದು ಕೊಂದಿತು. ಜೀವ ದೊಡ್ಡದು. ಒಂದು ಜೀವ ಉಳಿಯುವುದಾದರೆ ಎರಡು ದಿನದ ವ್ಯಾಪಾರ ಹೋದರೂ ಹೋಗಲಿ ಎನ್ನಲು ಯಾವ ಸಣ್ಣ ವ್ಯಾಪಾರಿಯೂ ಹಿಂಜರಿಯಲಾರ.

ಆದರೆ ಇಂಟರ್ನೆಟ್ ನಿಲ್ಲಿಸಿದರೆ ಜೀವ ಉಳಿಯುತ್ತದೆಯೇ? ವದಂತಿಗೆ ಇಂಟರ್ನೆಟ್ ಬೇಕಾಗಿಲ್ಲ, ಬಾಯಿಯೊಂದಿದ್ದರೆ ಸಾಕು. ಇಂಟರ್ನೆಟ್ ಹುಟ್ಟುವ ಮೊದಲೂ ಈ ದೇಶದಲ್ಲಿ ಗಲಭೆಗಳಾಗಿವೆ. ಸುಳ್ಳಿಗೆ ಉತ್ತರ ಕೊಡಲು, “ನಾನು ಕ್ಷೇಮವಾಗಿದ್ದೇನೆ” ಎಂದು ಮನೆಗೆ ತಿಳಿಸಲು, ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟಲು ಮಾತ್ರ ಇಂಟರ್ನೆಟ್ ಬೇಕು. ಅದನ್ನು ಕತ್ತರಿಸಿದಾಗ ಸುಳ್ಳು ನಡೆದುಕೊಂಡಾದರೂ ಹೋಗುತ್ತದೆ, ಸತ್ಯ ಮಾತ್ರ ಮನೆಯಲ್ಲೇ ಕುಳಿತಿರುತ್ತದೆ.

ವದಂತಿ ಹಬ್ಬಿಸುವವನನ್ನು ಹಿಡಿಯುವ ಮನಸ್ಸಿದ್ದರೆ ಕಾನೂನುಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಮನಸ್ಸಿಗೆ. 2021ರ ಜುಲೈಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಚಿತ್ರಗಳನ್ನು ಕದ್ದು ಅವರನ್ನು ‘ಹರಾಜಿಗೆ’ ಇಟ್ಟ ಒಂದು ಆ್ಯಪ್ ಬಂತು. ಆನ್‌ಲೈನ್ ಅಂಗಡಿಯ ವೇಷದಲ್ಲಿ ನಡೆದ ಮಾನಹರಣ. ದೆಹಲಿಯಲ್ಲಿ ಪ್ರಕರಣವೂ ದಾಖಲಾಯಿತು. ಮೊದಲ ಬಂಧನವಾದದ್ದು ಯಾವಾಗ? 2022ರ ಜನವರಿಯಲ್ಲಿ, ಅದೇ ಮಾದರಿಯ ಎರಡನೆಯ ಆ್ಯಪ್ ಬಂದು ದೇಶವಿಡೀ ಛೀಮಾರಿ ಹಾಕಿದ ನಂತರ. ಎರಡನೆಯ ಪ್ರಕರಣದ ಒಬ್ಬ ಆರೋಪಿ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿಬಿದ್ದ. ಲಕ್ಷಾಂತರ ನಿರಪರಾಧಿಗಳಿರುವ ಒಂದು ಜಿಲ್ಲೆಯನ್ನು ಕತ್ತಲಿಗೆ ತಳ್ಳಲು ಒಂದು ಸಂಜೆ ಸಾಕು. ಹೆಣ್ಣುಮಕ್ಕಳನ್ನು ಹರಾಜಿಗಿಟ್ಟವನನ್ನು ಹುಡುಕಲು ಆರು ತಿಂಗಳು ಬೇಕು. ಇದು ತಂತ್ರಜ್ಞಾನದ ಕೊರತೆಯಲ್ಲ.

ಸಂತೆಯಿಂದ ಓಡಿಸಿದವರು ಎಲ್ಲಿಗೆ ಹೋಗಬೇಕು?

ಈ ವಿಷಯಕ್ಕೆ ನಮ್ಮ ನಾಡಿನಲ್ಲಿ ಇನ್ನೊಂದು ಮುಖವೂ ಇದೆ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿ ಜಾತ್ರೆಯಿಂದ ಆರಂಭವಾಗಿ ಕರಾವಳಿಯ, ಆಮೇಲೆ ಇತರ ಕಡೆಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗೆದ್ದಿತು. ಅದಕ್ಕೆ ಸಮರ್ಥನೆಯಾಗಿ ವಿಧಾನಸಭೆಯಲ್ಲಿ 2002ರ ಒಂದು ನಿಯಮವನ್ನು ಓದಿ ಹೇಳಲಾಯಿತು. ತಲೆಮಾರುಗಳಿಂದ ಬಳೆ, ಆಟಿಕೆ, ಬಟ್ಟೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದವರು ದಾರಿಯಲ್ಲಿ ನಿಂತರು.

ಗೇಟಿನಲ್ಲಿ ನಿಂತು ಹೆಸರು ಕೇಳುವ ಕಾವಲುಗಾರ ಅಂತರ್ಜಾಲದ ಸಂತೆಯಲ್ಲಿಲ್ಲ. ಅಲ್ಲಿಯೂ ಬಹಿಷ್ಕಾರದ ಕರೆಗಳಿವೆ, ದ್ವೇಷವಿದೆ. ಆದರೂ ಮಾಲು ಚೆನ್ನಾಗಿದ್ದರೆ ಕೊಳ್ಳುವವನು ಕೊಳ್ಳುತ್ತಾನೆ. ಸಂತೆಯಿಂದ ಓಡಿಸಲ್ಪಟ್ಟವನಿಗೆ, ಪರ್ದಾದೊಳಗಿನ ಹೆಣ್ಣುಮಗಳಿಗೆ, ಅಂಗಡಿಗೆ ಪಗಡಿ ಕೊಡಲು ಶಕ್ತಿಯಿಲ್ಲದ ಯುವಕನಿಗೆ ಉಳಿದಿರುವ ಸಂತೆ ಅದೊಂದೇ. ಆದ್ದರಿಂದಲೇ ಇಂಟರ್ನೆಟ್ ಸ್ಥಗಿತದ ಏಟು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಪೇಟೆಯಲ್ಲಿ ಮೂರು ಮಹಡಿಯ ಮಳಿಗೆಯಿರುವವನಿಗೆ ಅದು ಕಿರಿಕಿರಿ, ಮೊಬೈಲೇ ಮಳಿಗೆಯಾದವನಿಗೆ ಅದು ಉಪವಾಸ.

ಗ್ರಾಹಕನ ಪಾಲಿನ ಕಾನೂನು

ಗ್ರಾಹಕನಿಗೆ ಕಾನೂನಿಲ್ಲವೇ? ಇದೆ, ಚೆನ್ನಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಜುಲೈಯಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ಆನ್‌ಲೈನ್ ಮಾರಾಟ ತಾಣ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ದೋಷವಿರುವ ಅಥವಾ ವಿವರಣೆಗೆ ಹೊಂದದ ಮಾಲನ್ನು ಮಾರಾಟಗಾರ ಹಿಂದಕ್ಕೆ ಪಡೆಯಲೇಬೇಕು. ಕಂಪೆನಿಯ ಕಚೇರಿ ಗುರ್ಗಾಂವಿನಲ್ಲಿದ್ದರೂ ದೂರುದಾರ ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲದ ತುರ್ತು ತೋರಿಸಿ ಕೊಳ್ಳುವಂತೆ ಮಾಡುವುದು, ಕೇಳದೆಯೇ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು, ಕೊನೆಯ ಹಂತದಲ್ಲಿ ಬೆಲೆ ಏರಿಸುವುದು ಮುಂತಾದ 13 ಬಗೆಯ ಮೋಸಗಳನ್ನು 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ.

ಆದರೆ ಇದೇ ನಿಯಮದಲ್ಲಿ ಒಂದು ಬಿರುಕಿದೆ. ಹೇಳಿದ ದಿನಕ್ಕೆ ಬಾರದ ಮಾಲನ್ನು ಗ್ರಾಹಕ ಹಿಂದಿರುಗಿಸಬಹುದು, ಆದರೆ ಆ ವಿಳಂಬ ಮಾರಾಟಗಾರನ ಕೈಮೀರಿದ ಕಾರಣದಿಂದಾದರೆ ಆ ಹಕ್ಕು ಅನ್ವಯಿಸುವುದಿಲ್ಲ. ಸರಕಾರವೇ ಇಂಟರ್ನೆಟ್ ನಿಲ್ಲಿಸಿದರೆ ಮಾರಾಟಗಾರ ಇದೇ ವಾದ ಹೂಡಬಹುದು. ಆಗ ಮಾರಾಟಗಾರ ಹೊಣೆಯಲ್ಲ, ಆದೇಶ ಪಾಲಿಸಿದ ಮೊಬೈಲ್ ಕಂಪೆನಿ ಹೊಣೆಯಲ್ಲ, ಆದೇಶ ಕೊಟ್ಟ ಸರಕಾರವಂತೂ ಯಾವತ್ತೂ ಹೊಣೆಯಲ್ಲ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ಕೊನೆಗೆ ಕಳೆದುಕೊಳ್ಳುವವನು ಗ್ರಾಹಕನೇ.

ಭಾಷೆಯ ವಿಷಯವನ್ನೂ ಹೇಳಲೇಬೇಕು. ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆಂದು 2011ರ ನಿಯಮ ಹೇಳುತ್ತದೆ. ಕನ್ನಡ ಇದ್ದರೆ ಅಭ್ಯಂತರವಿಲ್ಲವಂತೆ, ಇರಲೇಬೇಕೆಂದಿಲ್ಲ! ಓದಲಾಗದ ಷರತ್ತಿಗೆ ‘ಒಪ್ಪಿದ್ದೇನೆ’ ಎಂದು ಗುಂಡಿ ಒತ್ತುವ ಕನ್ನಡಿಗನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾದೀತೇ?

ನಮ್ಮ ಕಡೆಗೂ ಒಂದು ಬೆರಳು

ಸರಕಾರವನ್ನು ದೂರುವಾಗ ನಮ್ಮ ಎದೆಯನ್ನೂ ಮುಟ್ಟಿ ನೋಡಿಕೊಳ್ಳಬೇಕು. ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬುರ್ಖಾ, ಅತ್ತರು, ಖರ್ಜೂರ ಮಾರುವ ನಮ್ಮವರಲ್ಲಿ ಎಷ್ಟು ಮಂದಿ ಬೆಲೆಯನ್ನು ಬಹಿರಂಗವಾಗಿ ಬರೆಯುತ್ತಾರೆ? ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎನ್ನುವವರು, ‘ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವವರು ಎಷ್ಟು ಮಂದಿ? ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಅಧ್ಯಾಯವಿರುವ ಗ್ರಂಥ ಕುರ್‌ಆನ್. ಹನಫಿ ಫಿಕ್‌ಹ್‌ನಲ್ಲಿ, ಕಾಣದೆ ಕೊಂಡ ವಸ್ತುವನ್ನು ಕಂಡ ಮೇಲೆ ವ್ಯಾಪಾರ ರದ್ದುಪಡಿಸುವ ಹಕ್ಕು ಕೊಳ್ಳುವವನಿಗಿದೆ. ಅದಕ್ಕೆ ‘ಖಿಯಾರುರ್ರುಅಯಾ’ ಎನ್ನುತ್ತಾರೆ. ದೋಷ ಕಂಡರೆ ಹಿಂದಿರುಗಿಸುವ ಹಕ್ಕನ್ನಂತೂ ಎಲ್ಲ ಮದ್‌ಹಬ್‌ಗಳೂ ಒಪ್ಪುತ್ತವೆ. ಮುಖ ನೋಡದೆ, ಮಾಲು ಮುಟ್ಟದೆ ನಡೆಯುವ ವ್ಯಾಪಾರದ ಧರ್ಮವನ್ನು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ ಪರಂಪರೆಯ ವಾರಸುದಾರರು ನಾವು. 2020ರ ನಿಯಮ ಬರುವವರೆಗೆ ಕಾಯಬೇಕಿತ್ತೇ? ನಮ್ಮ ಗಿರಾಕಿಗೆ ನಾವು ನ್ಯಾಯ ಕೊಟ್ಟರೆ ಮಾತ್ರ ಸರಕಾರದಿಂದ ನ್ಯಾಯ ಕೇಳುವ ನಮ್ಮ ಧ್ವನಿಗೆ ಬಲ ಬಂದೀತು.

ಕೇಳಬೇಕಾದದ್ದು

ನಮ್ಮ ಬೇಡಿಕೆಗಳು ಅಸಾಧ್ಯವಾದವೇನಲ್ಲ. ಇಂಟರ್ನೆಟ್ ನಿಲ್ಲಿಸುವ ಪ್ರತಿಯೊಂದು ಆದೇಶವೂ ಜಾರಿಯಾಗುವ ಮೊದಲೇ ಜನರ ಭಾಷೆಯಲ್ಲಿ ಪ್ರಕಟವಾಗಲಿ. ಪರೀಕ್ಷೆಗಳಿಗಾಗಿ ನಿಲ್ಲಿಸುವುದು ಸಂಪೂರ್ಣ ನಿಷೇಧವಾಗಲಿ. ಪರಿಶೀಲನಾ ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಇರಲಿ. ಗಲಭೆ ನಡೆದದ್ದು ಒಂದು ಬೀದಿಯಲ್ಲಾದರೆ ಶಿಕ್ಷೆ ಇಡೀ ಜಿಲ್ಲೆಗೆ ಬೇಡ. ನಿಲ್ಲಿಸಿದ ಪ್ರತಿದಿನದ ಲೆಕ್ಕವನ್ನು ಸರಕಾರ ವಿಧಾನಸಭೆಯ ಮುಂದಿಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಷ್ಟ ಅನುಭವಿಸಿದ ಸಣ್ಣ ವ್ಯಾಪಾರಿಗೆ ಪರಿಹಾರ ಕೊಡುವ ನಿಯಮ ಬರಲಿ. ಯುಪಿಐ ದಾಖಲೆ ನೋಡಿ ತೆರಿಗೆ ಕೇಳಬಲ್ಲ ಸರಕಾರಕ್ಕೆ ಅದೇ ದಾಖಲೆ ನೋಡಿ ಪರಿಹಾರ ಕೊಡುವುದೂ ಕಷ್ಟವಾಗಲಾರದು. ಪ್ರತಿ ಸ್ಥಗಿತಕ್ಕೂ ಖಜಾನೆಯಿಂದ ಹಣ ಹೋಗುತ್ತದೆ ಎಂದಾದರೆ, ಗುಂಡಿ ಒತ್ತುವ ಬೆರಳು ಒಂದು ಕ್ಷಣವಾದರೂ ತಡೆದೀತು.

ಗ್ರಾಹಕ ಸಂಘಟನೆಗಳು, ಜಮಾಅತ್‌ಗಳು, ಮಹಿಳಾ ಸಂಘಗಳು, ವರ್ತಕರ ಸಂಘಗಳು ಇದನ್ನು ತಮ್ಮ ಪ್ರಶ್ನೆಯಾಗಿ ಎತ್ತಿಕೊಳ್ಳಬೇಕು. ಇಂಟರ್ನೆಟ್ ನಿಂತ ದಿನಗಳ ನಷ್ಟವನ್ನು ಬರೆದಿಡುವ ಕೆಲಸವನ್ನಾದರೂ ಊರೂರಿನಲ್ಲಿ ಆರಂಭಿಸಬೇಕು. ಲೆಕ್ಕವಿಲ್ಲದ ನಷ್ಟಕ್ಕೆ ನ್ಯಾಯ ಸಿಗುವುದಿಲ್ಲ.

2019ರ ಡಿಸೆಂಬರ್ 21ರ ರಾತ್ರಿ ಆ ಹಳ್ಳಿಯ ಗೃಹಿಣಿಯ ಮೊಬೈಲಿಗೆ ಮತ್ತೆ ಜೀವ ಬಂದಾಗ ಅದರಲ್ಲಿ ಎರಡು ದಿನ ಹಳೆಯದಾದ ಸಂದೇಶಗಳು ಸಾಲಾಗಿ ಬಂದು ಬಿದ್ದಿರಬೇಕು. ಕೇಕ್ ಸಿಗುತ್ತದೆಯೇ ಎಂದು ಕೇಳಿದವರದ್ದು, ಯಾಕೆ ಉತ್ತರವಿಲ್ಲ ಎಂದು ಸಿಟ್ಟಾದವರದ್ದು, ಬೇರೆ ಕಡೆ ತೆಗೆದುಕೊಂಡೆವು ಎಂದವರದ್ದು. ಅವುಗಳ ನಡುವೆ ಸರಕಾರದ್ದೊಂದು ಸಂದೇಶ ಮಾತ್ರ ಇದ್ದಿರಲಾರದು. ನಿಲ್ಲಿಸುವಾಗ ಹೇಳದವರು ನಿಲ್ಲಿಸಿದ ಮೇಲೆ ವಿಚಾರಿಸುತ್ತಾರೆಯೇ? ಅವರು ವಿಚಾರಿಸುವಂತೆ ಮಾಡುವ ಹೊಣೆ ಈಗ ನಮ್ಮ ಮೇಲಿದೆ.